ಒತ್ತು

ಕೊಡಿಯಾಲ್‌ಬೈಲಿನ ಓಣಿಯಲ್ಲಿ ನಮ್ಮ ಪ್ರೆಸ್ಸು.
ಮದುವೆ ಕಾಗದ, ಬೊಜ್ಜದ ಕಾರ್ಡು, ಆಟದ ಹ್ಯಾಂಡ್‌ಬಿಲ್ಲು,
ಎಲ್ಲದರ ಕರಡೂ ಕೊನೆಗೆ ನನ್ನ ಮೇಜಿಗೆ.
ಕರಡು ತಿದ್ದುವವನಿಗೆ ಕಣ್ಣಿದ್ದರೆ ಸಾಕು, ಬಾಯಿ ಯಾಕೆ
ಎಂದೇ ಮಾಲಕರು ನನ್ನನ್ನು ಇಟ್ಟುಕೊಂಡದ್ದು.
ವಾಮನ ಶೇರಿಗಾರ ಎಂದು ಹೇಳಿ ಮುಗಿಸಲು ನನಗೆ
ಒಂದು ಲೋಟ ಚಾ ತಣಿಯುವಷ್ಟು ಹೊತ್ತು.

ಮೇ ತಿಂಗಳ ಬೆವರಿನ ಮಧ್ಯಾಹ್ನ
ಜೆಪ್ಪುವಿನಿಂದ ಬಂದರು ಸಿಸ್ಟರ್ ಎವ್ಲಾಲಿಯಾ,
ಕೊಡೆ, ಕೈಚೀಲ, ಚೀಲದೊಳಗೊಂದು ನೋಟ್‌ಬುಕ್ಕು.
ಬೆರ್ಗಮೊದಲ್ಲಿ ಮೂವತ್ತೊಂದು ವರ್ಷ
ರೋಗಿಗಳ ಬೆನ್ನು ಒರೆಸುತ್ತ ಕಲಿತ ಇಟಾಲಿಯನ್ನು
ಈಗ ಅಲ್ಲಿಗೆ ಹೊರಟ ನರ್ಸುಗಳಿಗೆ ಪುಸ್ತಕವಾಗಬೇಕಂತೆ,
ಎಡಕ್ಕೆ ಅವರ ಲಿಪಿ, ಬಲಕ್ಕೆ ನಮ್ಮದು.

‘ಸಾಲು ತುಂಬಿದರೆ ಪದ ಎಲ್ಲಿ ಮುರಿಯಬೇಕು, ಗೊತ್ತುಂಟಾ ನಿಮಗೆ?’
ನನಗಲ್ಲದೆ ಇನ್ನು ಯಾರಿಗೆ.
ತಲೆಯಾಡಿಸಿದೆ.

ನೋತ್ತೆ ಅಂದರೆ ರಾತ್ರಿ.
ನಮ್ಮಲ್ಲಿ ಬರೆದರೆ ಒಂದು ತ ಇನ್ನೊಂದರ ಸೊಂಟಕ್ಕೆ
ಜೋತುಬಿದ್ದ ಮಗು. ನಡುವೆ ಬ್ಲೇಡಿಗೂ ಸಂದಿಲ್ಲ.
ಅವರಲ್ಲಿ ಎರಡೂ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ.
ಕೊಯ್ಯಿರಿ, ಅಂದರು ಸಿಸ್ಟರ್: ನೋತ್ – ತೆ.
ಅರ್ಧ ರಾತ್ರಿ ಈ ಸಾಲಿಗೆ, ಉಳಿದದ್ದು ಮುಂದಿನದಕ್ಕೆ.

ಪಾಸ್ತಾ ಹಾಗಲ್ಲ. ಆ ಸ ಉಂಟಲ್ಲ,
ಹಿಂದಿನವರ ಜೊತೆ ಕೂರುವ ಜಾಯಮಾನದ್ದೇ ಅಲ್ಲ,
ಹಾರಿ ಮುಂದಿನ ಸೀಟಿಗೆ: ಪಾ – ಸ್ತಾ.

ಲಿಬ್ರೊ, ಪುಸ್ತಕ. ಬಾಲ ಬದಲಿಸಿದರೆ
ಲಿಬ್ರೆತ್ತೊ, ಅಂಗಿ ಕಿಸೆಗೆ ಹಿಡಿಸುವಂಥದ್ದು.
ಲಿಬ್ರೋನೆ, ತಲೆದಿಂಬಿಗಾಗುವ ದಡಿಯ.
ಲಿಬ್ರಾಚ್ಚೊ, ಗುಜರಿಯವನೂ ಮೂಸಿ ಬಿಟ್ಟುಹೋಗುವ ದರಿದ್ರದ್ದು
(ಅಂಥವು ನಮ್ಮ ಅಟ್ಟದಲ್ಲಿ ಇನ್ನೂರೈವತ್ತು ಪ್ರತಿ ಇವೆ).
ಹೆಬ್ಬಾಗಿಲು, ಕಿರುಬೆರಳು, ನಮ್ಮಲ್ಲಿ ತಲೆ ಕಂಡರೇ ಗಾತ್ರ ತಿಳಿಯುತ್ತದೆ.
ಅವರದ್ದು ಕೊನೆಯವರೆಗೆ ಕಾಯಬೇಕು.
ಕಾಯುತ್ತಾರೇನೋ ಅಲ್ಲಿಯ ಜನ.

ಎರಡನೇ ಕರಡಿನಲ್ಲಿ ಒಂದು ಗೆರೆ ಹೋಗಿತ್ತು,
ಕೊನೆಯ ಓಕಾರದ ನೆತ್ತಿಯಲ್ಲಿದ್ದ ಸೊಳ್ಳೆಕಾಲಿನಂಥದ್ದು.
ಕಸವೆಂದು ನಾನೇ ಹೊಡೆದುಹಾಕಿದ್ದೆ.
ಸಿಸ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.
ಪಾರ್‌ಲೊ, ಒತ್ತು ಮೊದಲಿಗೆ: ನಾನು ಮಾತಾಡುತ್ತೇನೆ.
ಪರ್‌ಲೋ, ಒತ್ತು ಕೊನೆಗೆ: ಅವನು ಮಾತಾಡಿದ.
‘ಎಂದೋ ಮಾತಾಡಿ ಎದ್ದುಹೋದವನನ್ನು
ನೀವು ಎಳೆದು ತಂದು ನನ್ನೆದುರು ಕೂರಿಸಿದ್ದೀರಿ.’

ತಪ್ಪಾಯಿತು ಅನ್ನಬೇಕಿತ್ತು.
ತ ಬಂತು. ಪ ದಲ್ಲಿ ನಿಂತಿತು,
ಅಳಿವೆಬಾಗಿಲ ಮರಳಿಗೆ ಹೊಟ್ಟೆ ತಾಗಿದ ದೋಣಿ.
ಒತ್ತಕ್ಷರದ ಹಿಂದಿನದು ಗುರು, ಗುರುವಿಗೆ ಮಾತ್ರೆ ಎರಡು
ಎಂದು ರೂಲುಕೋಲಿನಿಂದ ಬೆರಳಗಂಟಿಗೆ ಬರೆದಿದ್ದರು ಮಾಷ್ಟ್ರು.
ನಾನು ತೆಗೆದುಕೊಳ್ಳುತ್ತಿದ್ದದ್ದು ಹನ್ನೆರಡು.

ಎಲ್ಲರೂ ನನ್ನ ಪದವನ್ನು ತಾವೇ ಮುಗಿಸುತ್ತಾರೆ, ಪುಣ್ಯವೆಂದು.
ಸಿಸ್ಟರ್ ಮುಗಿಸಲಿಲ್ಲ.
ಫ್ಯಾನು ತಿರುಗಿತು. ಹೊರಗೆ ಮೀನಿನವಳು ಒಂದು ಮನೆ ದಾಟಿದಳು.
‘…ಪ್ಪಾಯಿತು.’
‘ಹಾಂ, ಹಾಗೆ ನಿಲ್ಲಬೇಕು ಜೋಡಿ ವ್ಯಂಜನದ ಮೇಲೆ!
ನಮ್ಮ ಹುಡುಗಿಯರು ಓಡಿಬಿಡುತ್ತಾರೆ. ಓಡಿದರೆ
ಪಾಲ್ಲಾ ಪಾಲಾ ಆಗುತ್ತದೆ,
ಚೆಂಡು ಕೇಳಿದವಳ ಕೈಗೆ ಸಲಿಕೆ ಕೊಡುತ್ತಾರೆ.’
ಓದಿಸಿದರು. ನೋತ್…ತೆ ಅಂದೆ.
‘ಅದು ಸ್ವಲ್ಪ ಹೆಚ್ಚಾಯಿತು’ ಅಂದರು.
ಮಾಮ್ಮಾ ಅನ್ನುವಾಗ ಮಾತ್ರ ಮೊದಲ ಮಾ ದಲ್ಲೇ ಸಿಕ್ಕಿಬಿದ್ದೆ.
ಅದಕ್ಕೆ ಅವರ ವ್ಯಾಕರಣದಲ್ಲೂ ಸೂತ್ರವಿಲ್ಲ.

ರಾತ್ರಿ ಚಾಪೆಯಲ್ಲಿ ನಮ್ಮವನ್ನೇ ಒಂದೊಂದಾಗಿ ಕರೆದೆ:
ಕತೆ, ಕತ್ತೆ. ಬಳಿ, ಬಳ್ಳಿ. ಮೊನೆ, ಮೊನ್ನೆ.
ಒಂದು ಕ್ಷಣ ನಿಂತದ್ದಕ್ಕೆ
ಸೂಜಿಯ ತುದಿ ಆಗಿಹೋದ ದಿನವಾಗುತ್ತದೆ.
ಒತ್ತು ಅನ್ನುವ ಪದದಲ್ಲೇ ಒಂದು ಒತ್ತುಂಟು.
ಐವತ್ತು ವರ್ಷ ಅದರ ಮೇಲೆ ಕೂತು ಬೇರೆಲ್ಲೋ ಹುಡುಕಿದೆ.

ಕೊನೆಯ ಕರಡು ಹಿಡಿದು ನಾನೇ ಹೊರಟೆ.
ಸಿಟಿ ಬಸ್ಸು, ಹಂಪನಕಟ್ಟೆಯ ನೂಕು.
ಎಲ್ಲಿಗೆ, ಅಂದ ಕಂಡಕ್ಟರು, ನಾಣ್ಯದಿಂದ ಕಂಬಿ ತಟ್ಟುತ್ತ.
‘ಜೆಪ್’ ಅಂದೆ.
‘ಪು’ ಅಂದ ಅವನು, ಚೀಟಿ ಹರಿದ.

ಅರ್ಧ ನನ್ನ ಸಾಲಿನಲ್ಲಿ, ಅರ್ಧ ಅವನದರಲ್ಲಿ.
ಸರಿಯಾದ ಜಾಗದಲ್ಲೇ ಮುರಿದಿತ್ತು.
ತಿದ್ದಲಿಲ್ಲ.